ಚೌಕಾಸಿಯ ಝೀಸಿಸ್

ಝೀಸಿಸ್ ಗೂತಾಸ್ ತಮ್ಮ ಜೀವಮಾನದಲ್ಲಿ ಯಾವ ಬಾಡಿಗೆ ಕೋಣೆಯನ್ನೂ ಹೇಳಿದ ಬೆಲೆಗೆ ಹಿಡಿದವರಲ್ಲ. ಬಿಟ್ಟಿಯಾಗಿ ಕೊಡುತ್ತೇವೆಂದರಂತೂ ಆ ಮನೆಯ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲ. ನಮ್ಮ ಅಮೊರ್ಗೋಸ್ ದ್ವೀಪದ ಮೇಲೂರಾದ ಹೋರಾದಲ್ಲಿ, ಕೋಟೆಬಂಡೆಯ ನೆರಳು ಇಳಿಹೊತ್ತಿನಲ್ಲಿ ಅಂಗಳಕ್ಕೆ ಬಂದು ಮಲಗುವ ನಮ್ಮ ಹಳೆಯ ತಂಗುಮನೆಗೆ, ಮೂರು ದಶಕಗಳಿಗೂ ಮೀರಿ ಪ್ರತಿ ಬೇಸಿಗೆಯಲ್ಲಿ ತಪ್ಪದೆ ಬರುತ್ತಿದ್ದ ಈ ಮನುಷ್ಯ, ಜೂನ್ ತಿಂಗಳ ವಾಸ್ತವ್ಯದ ಮಾತನ್ನು ಹಿಂದಿನ ಅಕ್ಟೋಬರಿನಲ್ಲಿಯೇ ಎತ್ತುತ್ತಿದ್ದರು. ದೂರದ ಉತ್ತರದ ಬೆಟ್ಟಗಳ ನಡುವಿನ ನಾಉಸಾ ಪಟ್ಟಣದಿಂದ ಫೋನು ಬರುತ್ತಿತ್ತು. ಆಗ ನಮ್ಮ ಬೀದಿಗೆಲ್ಲ ಇದ್ದುದು ದಿನಸಿ ಅಂಗಡಿಯ ಒಂದೇ ಫೋನು. ಅಂಗಡಿಯವನು ಬಾಗಿಲಿಗೆ ಬಂದು, ಹೆಂಗಸರಿಗೆ ಹೇಳುವ 'ಕೀರಾ' ಎಂಬ ಗೌರವದ ಮಾತನ್ನು ಹಚ್ಚಿ, "ಕೀರಾ ಅನೆಝೀನಾ, ನಿನ್ನ ಗಡಿಪಾರಿನವನು ಲೈನಲ್ಲಿದಾನೆ, ಬೇಗ ಬಾ" ಎಂದು ಕೂಗಿದರೆ ನನ್ನ ತಾಯಿ ಕೈಯ ಹಿಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡ ಅಡುಗೆಬಟ್ಟೆಗೆ ಒರೆಸಿಕೊಳ್ಳುತ್ತ, ಯುದ್ಧಕ್ಕೆ ಹೊರಟವಳ ಗಾಂಭೀರ್ಯದಿಂದ ನಡೆಯುತ್ತಿದ್ದಳು.

ಅವೇ ಪ್ರಶ್ನೆಗಳನ್ನು ಪ್ರತಿವರ್ಷವೂ ಹೊಸಬರಂತೆ ಕೇಳುತ್ತಿದ್ದರು. ಈ ಸಲ ಯಾವ ಕೋಣೆ? ಕಿಟಕಿ ಯಾವ ದಿಕ್ಕಿಗೆ ತೆರೆಯುತ್ತದೆ? ಒಳಚಿಲಕ ಭದ್ರವಾಗಿದೆಯೇ? ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ? ಹಡಗು ರಾಜಧಾನಿಯ ಬಂದರಾದ ಪಿರೇಯಸ್ ಬಿಟ್ಟು ಯಾವ ಯಾವ ದ್ವೀಪಗಳಲ್ಲಿ ನಿಂತು ಬರುತ್ತದೆ, ಮೇಲಟ್ಟದ ಅಗ್ಗದ ಟಿಕೆಟ್ಟಿನವರಿಗೆ ಗಾಳಿಗೆ ಮರೆಯಿದೆಯೇ? ಇವೆಲ್ಲ ಇತ್ಯರ್ಥವಾದ ಮೇಲೆ ಬೆಲೆಯ ಮಾತು.

"ಹೋದ ವರ್ಷದ ಬಾಡಿಗೆಗೆ ಆಗಲ್ಲ ಝೀಸಿ. ಮಾಳಿಗೆ ಸೋರ್ತಿತ್ತು, ರಿಪೇರಿ ಮಾಡಿಸಿದೀನಿ."

"ಸೋರೋದು ಚಳಿಗಾಲದಲ್ಲಿ. ನಾನು ಬರೋದು ಜೂನಲ್ಲಿ. ಬರದೇ ಇರೋ ಮಳೆಗೆ ನಾನ್ಯಾಕೆ ದುಡ್ಡು ಕೊಡ್ಲಿ?"

"ಹಾಗಾದ್ರೆ ನೆರಳಿಗೆ ಕೊಡು."

ಈ ಚೌಕಾಸಿ ಒಂದೇ ಫೋನಿಗೆ ಮುಗಿಯುತ್ತಿರಲಿಲ್ಲ. ನವೆಂಬರಿನಲ್ಲಿ ಇನ್ನೊಂದು, ಕ್ರಿಸ್ಮಸ್ಸಿನ ಶುಭಾಶಯದ ನೆಪದಲ್ಲಿ ಮತ್ತೊಂದು. ಕಡೆಗೆ ಈಸ್ಟರ್ ಹಬ್ಬದ ಹೊತ್ತಿಗೆ ಇಬ್ಬರೂ ಸೋತವರಂತೆ ನಿಟ್ಟುಸಿರುಬಿಟ್ಟು ಒಂದು ಮೊತ್ತಕ್ಕೆ ಬರುತ್ತಿದ್ದರು. ಫೋನಿಗೆ ಆದ ಖರ್ಚಿನಲ್ಲಿ ಇನ್ನೂ ನಾಲ್ಕು ದಿನ ಉಳಿಯಬಹುದಿತ್ತೆಂದು ಅಂಗಡಿಯವನು ನಗುತ್ತಿದ್ದ.

ಅವರು ಬಂದಿಳಿಯುವ ರೀತಿಯೂ ಬೇರೆಯೇ. ಎತ್ತರದ, ತುಸು ಬಾಗಿದ ದೇಹ; ಬಟ್ಟೆ ಗಿರಣಿಯ ಧೂಳಿನಲ್ಲಿ ಸವೆದ ಕಂಠ; ಹೆಗಲ ಮೇಲೆ, ಜೂನಿನ ಬಿಸಿಲಿನಲ್ಲಿಯೂ, ಬೂದು ಬಣ್ಣದ ದಪ್ಪ ಉಣ್ಣೆಕೋಟು. ಕೇಳಿದವರಿಗೆಲ್ಲ "ಹಡಗಲ್ಲಿ ಚಳಿ" ಎನ್ನುತ್ತಿದ್ದರು. ನಿಜ ಸಂಗತಿಯನ್ನು ನನಗೆ ಹೇಳಿದ್ದು ತಾಯಿ. ಸೇನೆಯ ಕರ್ನಲ್ಲುಗಳು ಸರ್ಕಾರವನ್ನು ಕಿತ್ತುಕೊಂಡು ಆಳಿದ ಕಾಲದ ಎರಡನೆಯ ಚಳಿಗಾಲದಲ್ಲಿ, ಗಿರಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾಗಿದ್ದ ಈ ಯುವಕನನ್ನು ಮಗ್ಗದ ಮುಂದಿನಿಂದ ಬರೀ ಅಂಗಿಯಲ್ಲಿಯೇ ಎಳೆದೊಯ್ದಿದ್ದರು. ಗೋಡೆಯ ಮೊಳೆಗೆ ತಗುಲಿಸಿದ್ದ ಕೋಟನ್ನು ತೆಗೆದುಕೊಳ್ಳಲು ಬಿಟ್ಟಿರಲಿಲ್ಲ. ಸಮುದ್ರವನ್ನೇ ಕಾಣದ ಬೆಟ್ಟದೂರಿನವನು, ಕೈಗೆ ಕೋಳ ತೊಡಿಸಿಕೊಂಡು, ವಾಂತಿ ಮಾಡಿಕೊಳ್ಳುತ್ತ, ಕತಾಪೊಲಾ ಬಂದರಿನಲ್ಲಿ ಹಡಗಿನಿಂದ ದೋಣಿಗೂ ದೋಣಿಯಿಂದ ಹೇಸರಗತ್ತೆಯ ಬೆನ್ನಿಗೂ ವರ್ಗವಾಗಿ, ನಮ್ಮ ಊರಿಗೆ ಏರಿಬಂದದ್ದು ಹಾಗೆ.

ಗಡಿಪಾರಾದವನಿಗೆ ಸರ್ಕಾರ ಊರನ್ನು ಗೊತ್ತುಮಾಡುತ್ತಿತ್ತೇ ಹೊರತು ಮನೆಯನ್ನಲ್ಲ. ತಲೆಯ ಮೇಲಿನ ಸೂರನ್ನು ಅವನೇ ಹುಡುಕಿಕೊಳ್ಳಬೇಕು. ಹವಾಲ್ದಾರ ಸರಾಂದೋಸ್, ಅವನೂ ಅದೇ ಪ್ರಾಯದವನೇ, ಬಂದೂಕು ಹೆಗಲಿಗೇರಿಸಿ ಹಿಂದೆ ಹಿಂದೆ, ಝೀಸಿಸ್ ಮುಂದೆ. ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವಂತೆ. ನಾನು ಆಗ ಸೀರೋಸ್ ದ್ವೀಪದ ಶಾಲೆಯಲ್ಲಿ ಓದುತ್ತಿದ್ದೆ. ತಂದೆ ಸರಕುಹಡಗಿನೊಡನೆ ಮುಳುಗಿಹೋಗಿ ಮೂರು ವರ್ಷವಾಗಿತ್ತು. ತಾಯಿ ಒಬ್ಬಳೇ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಜೀವನ ನಡೆಸುತ್ತಿದ್ದಳು.

"ಬಾಗಿಲು ಹಾಕ್ಕೊಂಡೋರೆಲ್ಲ ಕೆಟ್ಟೋರಲ್ಲ ಕಣೋ, ಹೆದರಿದ್ರು ಅಷ್ಟೇ" ಎಂದು ತಾಯಿ ಆ ಕಥೆಯನ್ನು ಹೇಳುತ್ತಿದ್ದಳು. "ನಾನೂ ಹಾಕ್ಕೊಳ್ಳೋಳೇ. ಚಿಲಕದ ಮೇಲೆ ಕೈ ಇಟ್ಟಿದ್ದೆ. ಅಷ್ಟರಲ್ಲಿ ಅವನು, ನೀಲಿಗಟ್ಟಿದ ತುಟಿಯಲ್ಲಿ, 'ಅಮ್ಮಾ, ಬಾಡಿಗೆ ಎಷ್ಟು' ಅಂದ. ಅಯ್ಯೋ ಪಾಪ ಅನ್ನಿ ಅಂತ ಕೇಳಲಿಲ್ಲ, ಬಾಡಿಗೆ ಕೇಳ್ದ. ನಾನೂ ಅಭ್ಯಾಸಬಲದಿಂದ ಬಾಡಿಗೆ ಹೇಳಿಬಿಟ್ಟೆ. ಜಾಸ್ತಿಯಾಯ್ತು ಅಂದ. ಕೋಳ ಹಾಕ್ಕೊಂಡು ನಿಂತಿದಾನೆ, ನಡುಗ್ತಿದಾನೆ, ಜಾಸ್ತಿಯಾಯ್ತು ಅಂತಾನೆ! ನನಗೆ ಸಿಟ್ಟು ಬಂತು. ಸಿಟ್ಟು ಬಂದಮೇಲೆ ಹೆದರಿಕೆ ಎಲ್ಲಿರತ್ತೆ?"

ಹೀಗೆ ಝೀಸಿಸ್ ನಮ್ಮ ಮನೆಯ ಕೆಳಗಿನ, ಹಿಂದೆ ಕತ್ತೆಯ ಹುಲ್ಲು ತುಂಬುತ್ತಿದ್ದ ಕೋಣೆಗೆ ಬಾಡಿಗೆದಾರರಾದರು. ಎರಡು ವರ್ಷ ಇದ್ದರು. ಬೆಳಿಗ್ಗೆಯೂ ಸಂಜೆಯೂ ಠಾಣೆಗೆ ಹೋಗಿ ಸಹಿ ಹಾಕಬೇಕು, ಒಂದು ಕಡೆ ಗಾಳಿಗಿರಣಿಗಳ ಕೆಳಗಿನ ಕೊನೆಯ ಮನೆ, ಇನ್ನೊಂದು ಕಡೆ ಸಣ್ಣ ಚರ್ಚಿನ ಮೆಟ್ಟಿಲು, ಅವುಗಳಾಚೆಗೆ ಹೆಜ್ಜೆಯಿಡಕೂಡದು, ಬಂದರಿಗೆ ಇಳಿಯಕೂಡದು, ಚೌಕದಲ್ಲಿ ಯಾರೊಡನೆಯೂ ಕೂರಕೂಡದು. ಬಿಡುಗಡೆಯಾಗಿ, ಕರ್ನಲ್ಲುಗಳು ಬಿದ್ದು, ಕೆಲಕಾಲ ಕಳೆದ ಮೇಲೆ ಒಂದು ಅಕ್ಟೋಬರಿನಲ್ಲಿ ಮೊದಲ ಫೋನು ಬಂತು. ಬರಬೇಕೆಂದಿದ್ದೇನೆ, ಕೋಣೆ ಇದೆಯೇ, ಎಷ್ಟು?

ಆ ಬೇಸಿಗೆಯಲ್ಲಿಯೇ ನಾನು ಅವರನ್ನು ಮೊದಲು ಕಂಡದ್ದು. ಊರಿನ ಶಾಲೆಯಲ್ಲಿ ಅಧ್ಯಾಪಕನಾಗಿ ಆಗಷ್ಟೇ ಬಂದಿದ್ದೆ. ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಅವರ ನಡಿಗೆ. ಓಣಿಯಲ್ಲಿ ಲಯಬದ್ಧವಾಗಿ, ಮಗ್ಗದ ಲಾಳಿಯಂತೆ ಅತ್ತಿತ್ತ ತುಸು ತೂಗುತ್ತ ನಡೆಯುತ್ತಿದ್ದವರು, ಊರ ಅಂಚಿನ ಆ ಕೊನೆಯ ಮನೆಯ ಬಳಿ ಬಂದಾಗ ಅರಿವಿಲ್ಲದೆ ನಿಧಾನವಾಗುತ್ತಿದ್ದರು; ಅನಂತರ ಕಾಣದ ಕಾಲುವೆಯೊಂದನ್ನು ದಾಟುವವರಂತೆ ಒಂದೇ ಒಂದು ಹೆಜ್ಜೆಯನ್ನು ಉದ್ದವಾಗಿ ಹಾಕಿ, ಮತ್ತೆ ಹಳೆಯ ಲಯಕ್ಕೆ ಮರಳುತ್ತಿದ್ದರು. ಪ್ರತಿವರ್ಷವೂ ಅದೇ. ಎಪ್ಪತ್ತರ ಹತ್ತಿರ ಬಂದಾಗಲೂ ಆ ಉದ್ದ ಹೆಜ್ಜೆ ಗಿಡ್ಡವಾಗಲಿಲ್ಲ.

ಇನ್ನೊಂದು, ಅವರ ಮಾತಿನ ರೂಢಿ. ಏನನ್ನೇ ಕೇಳಿ, "ಯೋಚನೆ ಮಾಡ್ಬೇಕು" ಎನ್ನುತ್ತಿದ್ದರು. ಎಂದು, ನಿಜಕ್ಕೂ ಯೋಚಿಸುತ್ತಿದ್ದರು. ತಾಯಿ ಕಾಫಿ ಬೇಕೇ ಎಂದು ಕೇಳಿದರೆ ಅದಕ್ಕೂ ಹುಬ್ಬು ಗಂಟಿಕ್ಕಿ, ದೂರದ ಕಡಲನ್ನು ನೋಡುತ್ತ, ರಾಜ್ಯಭಾರದ ಸಮಸ್ಯೆಯೊಂದನ್ನು ತೂಗುವವರಂತೆ ಕೂತುಬಿಡುತ್ತಿದ್ದರು.

"ನಿನ್ನ ತಲೆ ಏನು ಪಾರ್ಲಿಮೆಂಟೇನೋ ಝೀಸಿ? ಹೂಂ ಅನ್ನು, ಇಲ್ಲ ಊಹೂಂ ಅನ್ನು."

"ತಡಿ ಕೀರಾ ಅನೆಝೀನಾ. ಇನ್ನೂ ಮತ ಎಣಿಸ್ತಿದಾರೆ."

ಕಾಫಿ ಅಂಗಡಿಯಲ್ಲಿ ಒಮ್ಮೆ ಮೀನುಗಾರ ವಂಗೆಲಾಸ್, ಒಳ್ಳೆಯವನೇ ಆದರೂ ನಾಲಿಗೆಗೆ ಮೂಳೆಯಿಲ್ಲದವನು, ಎಲ್ಲರ ಮುಂದೆ ಕೇಳಿದ: "ಕೀರ್ ಝೀಸಿ, ಜೈಲಿಗೆ ಯಾರಾದ್ರೂ ರಜಾ ಕಳೆಯೋಕೆ ಬರ್ತಾರಾ? ಅದೂ ಬಾಡಿಗೆ ಕೊಟ್ಟು?" ಝೀಸಿಸ್ ಯೋಚನೆ ಮಾಡಬೇಕೆಂದರು. ಎಲ್ಲರೂ ನಕ್ಕರು. ಮರುವರ್ಷ ಅದೇ ಅಂಗಡಿಗೆ ಬಂದವರೇ, ನಮಸ್ಕಾರಕ್ಕೂ ಮುನ್ನ ವಂಗೆಲಾಸನ ಮೇಜಿನ ಬಳಿ ನಿಂತು ಹೇಳಿದರು: "ಹೋದ ವರ್ಷ ಕೇಳಿದ್ಯಲ್ಲ. ನಿಮ್ಮ ಊರು ತುಂಬ ಚೆನ್ನಾಗಿದೆ. ಆಗ ನೋಡೋಕೆ ಬಿಟ್ಟಿರಲಿಲ್ಲ." ಈ ಸಲ ಯಾರೂ ನಗಲಿಲ್ಲ. ಅಂಗಡಿಯ ಮೂಲೆಯಲ್ಲಿ ಕೂತಿದ್ದ ಸರಾಂದೋಸ್ ಎದ್ದು ಹೊರಗೆ ಹೋದ.

ಸರಾಂದೋಸ್ ನಮ್ಮೂರ ಹೆಣ್ಣನ್ನೇ ಮದುವೆಯಾಗಿ ಇಲ್ಲಿಯೇ ಉಳಿದಿದ್ದ. ಪೊಲೀಸ್ ಕೆಲಸ ಬಿಟ್ಟು, ಸಣ್ಣದೊಂದು ಪಿಕಪ್ ಗಾಡಿ ಕೊಂಡು, ಬಂದರಿನಿಂದ ಮೇಲೂರಿಗೆ ಗ್ಯಾಸ್ ಸಿಲಿಂಡರು, ತರಕಾರಿ, ಪ್ರವಾಸಿಗರ ಪೆಟ್ಟಿಗೆ ಸಾಗಿಸುತ್ತಿದ್ದ. ಝೀಸಿಸ್ ಊರಿನಲ್ಲಿರುವಷ್ಟು ದಿನವೂ ಅವನು ಚೌಕದಲ್ಲಿ ಕೂರುತ್ತಿರಲಿಲ್ಲ. ಕೂತಿದ್ದರೂ ಇವರನ್ನು ಕಂಡೊಡನೆ ಎದ್ದುಹೋಗುತ್ತಿದ್ದ. ಒಂದು ಸಂಜೆ ಜೇನು ದಾಲ್ಚಿನ್ನಿ ಬೆರೆಸಿ ಕಾಯಿಸಿದ ರಾಕಿ ಮದ್ಯವನ್ನು ಮುಂದಿಟ್ಟುಕೊಂಡು ಮಾಳಿಗೆಯ ಮೇಲೆ ಕೂತಿದ್ದಾಗ ನಾನು ಅವನ ವಿಷಯ ಎತ್ತಿದೆ.

"ಅವನು ಒಂದು ದಿನವೂ ನನ್ನ ಮೈ ಮುಟ್ಟಲಿಲ್ಲ ಮೇಷ್ಟ್ರೇ" ಎಂದರು. "ಕೆಟ್ಟವನಲ್ಲ. ಆದ್ರೆ ನಾನು ಎಷ್ಟೊತ್ತಿಗೆ ಏಳಬೇಕು, ಎಲ್ಲೀವರೆಗೆ ನಡೀಬೇಕು, ಯಾರ ಜೊತೆ ಕೂರಬೇಕು, ಎಲ್ಲಾ ಅವನ ಬಾಯಲ್ಲಿತ್ತು. ನನ್ನ ಮಾತು ನಡೆದದ್ದು ಒಂದೇ ಕಡೆ. ನಿಮ್ಮಮ್ಮನ ಹತ್ರ, ಬಾಡಿಗೇಲಿ. ಪ್ರತಿ ತಿಂಗಳೂ ಜಗಳ ಆಡ್ತಿದ್ವಿ. ಜಗಳ ಆಡಿದ ದಿನ ಚೆನ್ನಾಗಿ ನಿದ್ದೆ ಬರ್ತಿತ್ತು."

ತಾಯಿ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ನನ್ನನ್ನು ಹಾಸಿಗೆಯ ಬಳಿಗೆ ಕರೆದು ಮನೆಯ ಕುರಿತು ಏನೇನೋ ಹೇಳಿದಳು. ಬಾವಿಯ ತೊಟ್ಟಿಯನ್ನು ತೊಳೆಸುವುದು, ನೆರೆಯವರ ಗೋಡೆಯ ತಕರಾರು. ಕಡೆಗೆ, ದಣಿದು ಕಣ್ಣುಮುಚ್ಚಿ, "ಝೀಸಿ ಫೋನ್ ಮಾಡ್ತಾನೆ. ಮೊದಲು ಜಾಸ್ತಿ ಹೇಳು. ಅತ್ತರೂ ಇಳಿಸಬೇಡ. ಅಮ್ಮನ ಸ್ನೇಹಿತ ಅಂತ ಬಿಟ್ಟಿ ಬಾ ಅಂದ್ಯೋ, ಅವನು ಇನ್ನು ಈ ಊರಿಗೆ ಕಾಲಿಡಲ್ಲ" ಎಂದಳು. ಅವಳ ತಿಥಿ ಮುಗಿದ ಅಕ್ಟೋಬರಿನಲ್ಲಿ ಫೋನು ಬಂತು. ಮೊದಲು ಆ ಕಡೆಯಿಂದ ಗಿರಣಿಯ ಧೂಳಿನ ಆ ಉಸಿರು ಮಾತ್ರ ಕೇಳುತ್ತಿತ್ತು. ಅನಂತರ, "ಮೇಷ್ಟ್ರೇ, ಕೋಣೆ ಎಷ್ಟು?" ನಾನು ತಾಯಿ ಹೇಳಿಕೊಟ್ಟಂತೆ ದುಬಾರಿ ಬೆಲೆಯನ್ನೇ ಹೇಳಿದೆ. "ನಿಮ್ಮಮ್ಮ ಇದ್ದಿದ್ರೆ ಇನ್ನೂ ಜಾಸ್ತಿ ಹೇಳ್ತಿದ್ಲು" ಎಂದು ಆತ ಅತ್ತುಬಿಟ್ಟರು. ಅತ್ತು, ಮೂಗು ಒರೆಸಿಕೊಂಡು, ಅರ್ಧಕ್ಕೆ ಕೇಳಿದರು.

ಅವರಿಗೆ ಎಪ್ಪತ್ತು ತುಂಬಿದ ವರ್ಷ ನಡೆದದ್ದನ್ನು ಈಗ ಹೇಳಬೇಕು. ಹಿಂದಿನ ಚಳಿಗಾಲದಲ್ಲಿ ಅವರ ಹೃದಯ ಕೈಕೊಟ್ಟಿತ್ತು; ವೈದ್ಯರು ಒಬ್ಬರೇ ಪ್ರಯಾಣ ಮಾಡಬಾರದೆಂದಿದ್ದರು. ಮಗಳು ವಾಯಾ ಥೆಸಲೊನೀಕಿಯ ಬ್ಯಾಂಕಿನಲ್ಲಿ ಕೆಲಸದವಳು, ತಂದೆಯನ್ನು ಕಣ್ಣರೆಪ್ಪೆಯಂತೆ ನೋಡಿಕೊಳ್ಳುವವಳು, ಜೊತೆಗೆ ಬರುತ್ತೇನೆಂದಳು. ಬಂದದ್ದಷ್ಟೇ ಅಲ್ಲ, ತಂದೆಗೆ ತಿಳಿಯದಂತೆ ನಮ್ಮ ಕೋಣೆಯನ್ನು ಬಿಡಿಸಿ, ಬಂದರಿನ ಬದಿಯ ಹೊಸ ಹೋಟೆಲೊಂದರಲ್ಲಿ ಕಡಲಿಗೆ ಮುಖಮಾಡಿದ ಕೋಣೆ, ಊಟೋಪಚಾರ, ದೋಣಿಯ ವಿಹಾರ, ಎಲ್ಲವನ್ನೂ ಗೊತ್ತುಮಾಡಿ ಮುಂಚೆಯೇ ಹಣ ಕಟ್ಟಿದ್ದಳು. ಹುಟ್ಟುಹಬ್ಬದ ಉಡುಗೊರೆ. ಗಡಿಪಾರಿನ ಕಥೆಗಳನ್ನು ಅವಳು ಬಾಲ್ಯದಿಂದ ಕೇಳಿದ್ದಳು. ಆದರೆ ತಂದೆ ಅವನ್ನು ನಗೆಯ ಕಥೆಗಳಾಗಿಯೇ ಹೇಳಿದ್ದರು.

ನಾನು ಅಂದು ಬೇರೆ ಅತಿಥಿಗಳನ್ನು ಕರೆದೊಯ್ಯಲು ಹಡಗುಕಟ್ಟೆಗೆ ಹೋಗಿದ್ದೆ. ಝೀಸಿಸ್ ಕೋಟನ್ನು ಹೆಗಲಿಗೆ ಹಾಕಿಕೊಂಡು ಇಳಿದರು. ಹೋಟೆಲಿನವರು ಅವರ ಹೆಸರು ಬರೆದ ಹಲಗೆಯನ್ನು ಹಿಡಿದು ನಿಂತಿದ್ದರು. ಅವರು ಆ ಹಲಗೆಯನ್ನು ಓದಿದರು. ಮತ್ತೊಮ್ಮೆ ಓದಿದರು. ಮುಖದ ರಕ್ತ ಇಳಿಯಿತು.

"ಇದನ್ನ ಯಾರು ಗೊತ್ತುಮಾಡಿದ್ದು?"

"ನಾನೇ ಅಪ್ಪ. ನಿನಗೇನೂ ಕಷ್ಟ ಆಗಬಾರದು ಅಂತ. ಎಲ್ಲಾ ಅವರೇ ನೋಡ್ಕೋತಾರೆ. ನೀನು ಸುಮ್ನೆ ಕೂತಿದ್ರೆ ಸಾಕು."

"ನನ್ನನ್ನ ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳಬೇಕಿತ್ತು" ಎಂದು ಅವರು ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅದರ ಮೇಲೆ ಕೂತುಬಿಟ್ಟರು.

ವಾಯಾ ಬೇಡಿಕೊಂಡಳು, ಸಿಟ್ಟಾದಳು, ಮತ್ತೆ ಬೇಡಿಕೊಂಡಳು. ನಾನು ನಮ್ಮ ಕೋಣೆ ಖಾಲಿಯಿದೆಯೆಂದರೂ ಕಿವಿಗೆ ಬೀಳಲಿಲ್ಲ. ಹಡಗು ಹೊರಟುಹೋಯಿತು, ಕಟ್ಟೆ ಬರಿದಾಯಿತು. ಬಿಸಿಲಿನಲ್ಲಿ ಆ ದಪ್ಪ ಕೋಟಿನೊಳಗೆ ಅವರು ನಡುಗುತ್ತಿದ್ದರು. ಹೃದಯದ ರೋಗಿಯೆಂಬ ಭಯ ನಮ್ಮಿಬ್ಬರಿಗೂ. ಆಗ ಕಟ್ಟೆಯ ತುದಿಯಲ್ಲಿ ನಿಲ್ಲಿಸಿದ್ದ ಪಿಕಪ್ಪಿನಿಂದ ಸರಾಂದೋಸ್ ಇಳಿದ. ಅಷ್ಟು ವರ್ಷ ಇವರನ್ನು ಕಂಡರೆ ಏಳುತ್ತಿದ್ದವನು, ಈಗ ನಿಧಾನವಾಗಿ ನಡೆದು ಬಂದು, ಟೋಪಿ ತೆಗೆದು, ಎದುರಿಗೆ ನಿಂತ.

"ಕೀರ್ ಝೀಸಿ, ಎಲ್ಲಿಗೆ ಹೋಗ್ಬೇಕು ಅಂತ ನೀವು ಹೇಳಿ. ನಾನು ಕರ್ಕೊಂಡು ಹೋಗ್ತೀನಿ."

ಆ ಎರಡು ವರ್ಷ ಬರೀ ಏಕವಚನದಲ್ಲಿ ಗದರಿದ್ದನೆಂದು ತಾಯಿ ಹೇಳುತ್ತಿದ್ದ ಆ ಬಾಯಿಯಿಂದ 'ನೀವು' ಎಂಬ ಮಾತು ಬಂದದ್ದನ್ನು ನಾನು ಗಮನಿಸಿದೆ. ಝೀಸಿಸ್ ಕೂಡ ಗಮನಿಸಿರಬೇಕು. ತಲೆಯೆತ್ತಿ ಅವನನ್ನು ಬಹಳ ಹೊತ್ತು ನೋಡಿದರು.

"ಯೋಚನೆ ಮಾಡ್ಬೇಕು."

"ಮಾಡಿ. ನಂಗೇನೂ ಅವಸರ ಇಲ್ಲ" ಎಂದು ಸರಾಂದೋಸ್ ಅಲ್ಲಿಯೇ ನಿಂತ. ನಾವೂ ನಿಂತೆವು. ಬಂದರಿನ ಬೆಕ್ಕುಗಳು ಬಂದು ನಮ್ಮನ್ನು ಮೂಸಿ ಹೋದವು. ಕಡೆಗೆ ಝೀಸಿಸ್ ಎದ್ದರು. "ರಸ್ತೆ ಎಲ್ಲಿ ಮುಗಿಯತ್ತೋ ಅಲ್ಲೀವರೆಗೆ. ದಾರಿ ನಾನು ಹೇಳ್ತೀನಿ."

ಅವರು ಮುಂದೆ, ಸರಾಂದೋಸನ ಪಕ್ಕದಲ್ಲಿ. ವಾಯಾ ಮತ್ತು ನಾನು ಹಿಂದೆ, ಪೆಟ್ಟಿಗೆ ಸಿಲಿಂಡರುಗಳ ನಡುವೆ. ಮೇಲೂರು ಬಂತು, ನಿಲ್ಲಿಸು ಎನ್ನಲಿಲ್ಲ. ಗಾಳಿಗಿರಣಿಗಳ ಕೆಳಗಿನ ಕೊನೆಯ ಮನೆಯ ಬಳಿ ಮಾತ್ರ ನಿಲ್ಲಿಸೆಂದರು. ಕಿಟಕಿಯಿಂದ ಅದನ್ನು ನೋಡಿ, ಹೊರಡು ಎಂದರು. ಕ್ರೈಸ್ತ ಸಂನ್ಯಾಸಿಗಳ ಮಠದ ತಿರುವಿನಲ್ಲಿ ಮತ್ತೆ ನಿಲ್ಲಿಸಿದರು. ಅರ್ಕೆಸೀನಿಯ ಬಯಲು, ಕಲ್ಲುಗೋಡೆಗಳ ನಡುವಿನ ಒಣಗಿದ ಹೊಲಗಳು, ಆಡಿನ ಮಂದೆಗಳು, ಎಲ್ಲ ದಾಟಿ, ದ್ವೀಪದ ತುದಿಯಲ್ಲಿ ರಸ್ತೆ ಮರಳಿಗಿಳಿದು ಮುಗಿಯುವ ಕಲೊತಾರಿತಿಸ್ಸಾದ ಸಣ್ಣ ಕೊಲ್ಲಿಯಲ್ಲಿ ಗಾಡಿ ನಿಂತಿತು. ಝೀಸಿಸ್ ಬೂಟು ಬಿಚ್ಚಿ, ಷರಾಯಿ ಮಡಚಿ, ಕಾಲನ್ನು ನೀರಿಗಿಟ್ಟು ಕೂತರು. ಮಗಳು ಪಕ್ಕದಲ್ಲಿ ಕೂತಳು. ಅವರು ಅವಳಿಗೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಆದರೆ ಅದು ನಗೆಯ ಕಥೆಯಾಗಿರಲಿಲ್ಲವೆಂಬುದು ಅವಳ ಬಾಗಿದ ಬೆನ್ನಿನಿಂದ ತಿಳಿಯುತ್ತಿತ್ತು. ಸರಾಂದೋಸ್ ಗಾಡಿಗೊರಗಿ ನಿಂತು, ಹೊತ್ತಿಸದ ಸಿಗರೇಟನ್ನು ಬೆರಳುಗಳ ನಡುವೆ ತಿರುಗಿಸುತ್ತ, "ಆಗ ನನಗೆ ಇಪ್ಪತ್ನಾಲ್ಕು ವರ್ಷ ಮೇಷ್ಟ್ರೇ" ಎಂದ.

ನೆರಳು ಉದ್ದವಾಗುವ ಹೊತ್ತಿಗೆ ನಮ್ಮ ಓಣಿಯ ಬಾಯಿಗೆ ಬಂದಿಳಿದೆವು. ಝೀಸಿಸ್ ಜೇಬಿಗೆ ಕೈಹಾಕಿದರು.

"ಎಷ್ಟಾಯ್ತು?"

"ಏನೂ ಬೇಡ. ನಿಮ್ಮ ಹತ್ರ ನಾನು ಹೇಗೆ..."

ಝೀಸಿಸರ ಮುಖ ಮತ್ತೆ ಹಡಗುಕಟ್ಟೆಯ ಮುಖವಾಯಿತು. "ನಾನು ಕೇಳಿದ್ದು ಎಷ್ಟು ಅಂತ."

ಸರಾಂದೋಸ್ ಒಮ್ಮೆ ನನ್ನನ್ನೂ ಒಮ್ಮೆ ವಾಯಾಳನ್ನೂ ನೋಡಿದ. ಯಾರೂ ಅವನಿಗೆ ಏನನ್ನೂ ಹೇಳಿಕೊಡಲಿಲ್ಲ. ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡ.

"ಐವತ್ತು ಯೂರೋ."

"ಐವತ್ತು? ಈ ತಗಡಿನ ಡಬ್ಬಕ್ಕೆ?"

"ಈ ತಗಡಿನ ಡಬ್ಬವೇ ನಿನ್ನನ್ನ ದ್ವೀಪದ ತುದೀವರೆಗೂ ಹೊತ್ತು ತಂದದ್ದು."

"ದಾರಿಯಲ್ಲಿ ಆಡಿನ ಮಂದೆಗೆ ಅಂತ ನಿಲ್ಲಿಸಿದ್ಯಲ್ಲ, ಅದನ್ನ ಕಳಿ."

"ನಿಲ್ಲಿಸದೇ ಹೋಗಿದ್ರೆ ಆಡಿನ ದುಡ್ಡೂ ನಿನ್ನ ತಲೆಗೇ ಬೀಳ್ತಿತ್ತು ಮುದುಕಪ್ಪ."

ಕಿಟಕಿಗಳು ತೆರೆದವು. ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಆ ಇಬ್ಬರು ಮುದುಕರು, ಕೈ ಬೀಸುತ್ತ, ಒಬ್ಬರನ್ನೊಬ್ಬರು ನೀನು ತಾನೆನ್ನುತ್ತ, ಕತ್ತಲೆಯಾಗುವವರೆಗೆ ಚೌಕಾಸಿ ಮಾಡಿದರು. ಕ್ಷಮೆಯೆಂಬ ಶಬ್ದ ಎಲ್ಲಿಯೂ ಬರಲಿಲ್ಲ, ಕೈಕುಲುಕಲೂ ಇಲ್ಲ. ಹಣ ಎಣಿಸಿ ಕೊಟ್ಟು ಒಳಗೆ ಬಂದ ಝೀಸಿಸ್, ನನ್ನ ಹೆಂಡತಿ ಮುಂದಿಟ್ಟ ಕಡಲೆಬೇಳೆಯಂಥ ಹಳದಿ ಬೇಳೆಯ ಗಂಜಿಯನ್ನು ಎರಡು ಬಟ್ಟಲು ಉಂಡು, ಬೆಳಗು ಹರಿಯುವವರೆಗೆ ನಿದ್ರಿಸಿದರು. ಮರುದಿನ ಚೌಕದಲ್ಲಿ ಇಬ್ಬರೂ ಬೇರೆ ಬೇರೆ ಮೇಜುಗಳಲ್ಲಿ ಕೂತಿದ್ದರು. ಸರಾಂದೋಸ್ ಏಳಲಿಲ್ಲ, ಅಷ್ಟೇ.

ಆಮೇಲಿನ ಮೂರು ಬೇಸಿಗೆ ಅವರು ಬಂದರು. ನಾಲ್ಕನೆಯ ವರ್ಷ ವಾಯಾ ನನಗೆ ಮೊದಲೇ ಫೋನು ಮಾಡಿ, ಇನ್ನು ಅಪ್ಪ ಮನೆಯ ಮೆಟ್ಟಿಲಿಳಿಯುವುದೂ ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ್ದಾರೆ, ಅದು ಅವರಿಗೂ ಗೊತ್ತು, ಆದರೂ ನಿಮಗೆ ಫೋನು ಮಾಡುತ್ತಾರೆ, ಎಂದಳು. ಮಾಡಿದರು. ತೊಟ್ಟಿಯ ಮೇಲಿನ ಕೋಣೆ ಬೇಕೆಂದರು. ಗಾಳಿ ಜೋರಾದರೆ ಆ ಬಾಗಿಲು ಬಡಿದುಕೊಳ್ಳುತ್ತದೆಯಲ್ಲ, ಅದಕ್ಕೆ ಎಷ್ಟು ಕಳೆಯುತ್ತೀರಿ ಎಂದರು. ಬಾರದ ಅತಿಥಿಯೊಡನೆ ಬಾರದ ಬೇಸಿಗೆಯ ಬಾಡಿಗೆಗಾಗಿ ನಾನು ಹಠ ಹಿಡಿದು ಜಗಳವಾಡಿದೆ. ಒಂದು ಕಾಸನ್ನೂ ಸುಲಭವಾಗಿ ಬಿಟ್ಟುಕೊಡಲಿಲ್ಲ. ನಡುನಡುವೆ ಅವರು ಉಸಿರಿಗಾಗಿ ನಿಲ್ಲುತ್ತಿದ್ದರು. ನಾನು ಕಾಯುತ್ತಿದ್ದೆ. ನವೆಂಬರಿನಲ್ಲಿ ಮತ್ತೊಂದು ಫೋನು, ಕ್ರಿಸ್ಮಸ್ಸಿಗೆ ಇನ್ನೊಂದು. ನಾವಿನ್ನೂ ಒಂದು ಮೊತ್ತಕ್ಕೆ ಬಂದಿರಲಿಲ್ಲ; ಜನವರಿಯಲ್ಲಿ ಅವರು ತೀರಿಕೊಂಡರು.

ಸರಾಂದೋಸನಿಗೆ ಸುದ್ದಿ ಹೇಳಿದ್ದು ನಾನೇ. ಗಾಡಿಯ ಕೆಳಗೆ ಏನನ್ನೋ ಬಿಗಿಯುತ್ತಿದ್ದವನು ಹೊರಬಂದು, ಎಣ್ಣೆಗೈಯಲ್ಲಿಯೇ ಮುಖ ಒರೆಸಿಕೊಂಡು, "ಅವತ್ತು ನನಗೆ ಮೋಸ ಮಾಡಿಬಿಟ್ಟ ಮೇಷ್ಟ್ರೇ. ಪೆಟ್ರೋಲಿನ ದುಡ್ಡೂ ಹುಟ್ಟಲಿಲ್ಲ" ಎಂದ. ಎಂದು, ಮತ್ತೆ ಗಾಡಿಯ ಕೆಳಕ್ಕೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ವಸಂತದಲ್ಲಿ ವಾಯಾಳ ಫೋನು ಬಂತು. ತಂದೆ ಗೊತ್ತುಮಾಡುತ್ತಿದ್ದ ಜೂನ್ ತಿಂಗಳ ಕೋಣೆಯನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ, ಹಾಗೆಂದು ಹೇಳಿದೆ. "ಬೇಡ ಮೇಷ್ಟ್ರೇ, ಜೂನ್ ಅಪ್ಪನದು" ಎಂದಳು. "ನನಗೆ ಸೆಪ್ಟೆಂಬರ್ ಬೇಕು. ಬೇರೆ ಕೋಣೆ. ಎಷ್ಟು ಹೇಳ್ತೀರಿ?"

ನಾನು ಜಾಸ್ತಿಯನ್ನೇ ಹೇಳಿದೆ.

ಇಂಥವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಬಾಳಿನ ಒಂದು ಪರ್ವವನ್ನು ಪರರ ಅಪ್ಪಣೆಯಲ್ಲಿ ಕಳೆದು ಬಂದವರು. ಬಿಡುಗಡೆಯಾದ ಮೇಲೆ ಗಟ್ಟಿದನಿಯಲ್ಲಿ ದೂರು ಹೇಳದವರು, ಭಾಷಣ ಮಾಡದವರು. ಅವರ ಗಾಯ ಕಾಣುವುದು ಅತಿ ಸಣ್ಣ ಸಂಗತಿಗಳಲ್ಲಿ. ತರಕಾರಿಯ ತಕ್ಕಡಿಯ ಮುಂದೆ, ಬಸ್ಸಿನ ಆಸನದ ವಿಷಯದಲ್ಲಿ, ಮಕ್ಕಳು ಪ್ರೀತಿಯಿಂದ ತಂದ ಅಂಗಿಯ ಬಣ್ಣದಲ್ಲಿ ಅವರು ಅಕಾರಣವೆಂಬಂತೆ ಹಠ ಹಿಡಿಯುತ್ತಾರೆ, ಮತ್ತು ನಾವು ಅವರನ್ನು ಜಿಪುಣರೆಂದೋ ಅರಳುಮರುಳೆಂದೋ ಕರೆದು ಸುಮ್ಮನಾಗುತ್ತೇವೆ. ಅವರು ಅಪೇಕ್ಷಿಸುವುದು ತಮ್ಮ ಒಂದು 'ಹೂಂ'ಗಾಗಿ ಇನ್ನೊಬ್ಬ ಮನುಷ್ಯ ಕಾದು ನಿಲ್ಲುವ ಆ ಅರೆಗಳಿಗೆಯನ್ನು. ಕಿತ್ತುಕೊಂಡ ವರ್ಷಗಳನ್ನು ಮರಳಿ ಕೊಡುವ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ, ಯಾವ ಮಗಳ ಮಮತೆಗೂ ಇಲ್ಲ. ಅವರೇ ಅವನ್ನು ಚೂರುಚೂರಾಗಿ, ದಿನನಿತ್ಯದ ಸಂತೆಯಲ್ಲಿ, ಹಿಂದಕ್ಕೆ ಕೊಂಡುಕೊಳ್ಳುತ್ತಾರೆ. ಅಂಥವರ ಬಾಗಿಲಿಗೆ ಹೋದಾಗ ನಮ್ಮ ಔದಾರ್ಯವೂ ಒಳಗೆ ನುಗ್ಗದೆ, ಕರೆಯುವವರೆಗೆ ಹೊರಗೆ ನಿಂತಿರುವುದನ್ನು ಕಲಿಯಬೇಕು.